ನಾಕನೇ ನಂಬರಿನ ರೈಲು

ನಮ್ಮ ಔರಾದದಾಗ ರೈಲಿಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೇನಿ, ಯಾಕಂದ್ರ ಮುಂದ ಆಗಿದ್ದೆಲ್ಲ ಇದರಿಂದನ ಆತು. ಇದರಿಂದ, ಮತ್ತ ನನ್ನ ಬಾಯಿಂದ. ಊರು ಬಿಡಬೇಕಂದ್ರ ಬಸ್ಸು, ಊರು ಸೇರಬೇಕಂದ್ರ ಬಸ್ಸು. ಬಸ್ಸು ಬರದ ದಿನ ಮಂದಿ ಸ್ಟ್ಯಾಂಡಿನ ಕಟ್ಟೀ ಮ್ಯಾಲ ಕೂತು ಚಹಾ ಕುಡದು, ಸರಕಾರಕ್ಕ ಬೈದು, ಮನಿಗೆ ಹೋಗ್ತಾರ.

ಇಂಥಾ ಊರಿನ ಹೈಸ್ಕೂಲಿನ್ಯಾಗ ನಾ ಸಮಾಜ ವಿಜ್ಞಾನ ಕಲಿಸ್ತೇನಿ. ರೈಲಿನ ಪಾಠ ಬಂತಂದ್ರ ನನಗ ಹುರುಪು ಜಾಸ್ತಿ. ಜಗತ್ತಿನ್ಯಾಗ ಯಾವ ದೇಶದ ರೈಲು ಹಳಿ ಎಲ್ಲಕಿಂತ ಉದ್ದ ಅಂತ ಕೇಳ್ತೇನಿ. ಮಕ್ಕಳು ಒಂದೇ ದನಿಯಿಂದ ಕೂಗ್ತಾವ: ಅಮೇರಿಕಾ, ಚೀನಾ, ರಷ್ಯಾ, ಭಾರತ. ನಾಕನೇದು ನಾವು. ಹಂಗ ಕೂಗಿದಾಗ ನನ್ನ ಎದಿ ಉಬ್ತದ, ಸುಳ್ಳ ಯಾಕ ಹೇಳಲಿ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತು, "ಟೀಚರ್, ಅದರಾಗ ನಮ್ಮ ಔರಾದದ್ದು ಎಷ್ಟರಿ?" ಅಂತ ಕೇಳಿತು. ಇಡೀ ಕ್ಲಾಸು ನಕ್ಕಿತು. ನಾ ಮಾತ್ರ ನಗಲಿಲ್ಲ, ಆಕಿಗೆ ಕೂಡು ಅಂದೆ. ನನ್ನ ಸಿಟ್ಟು ಮೂಗಿನ ತುದೀ ಮ್ಯಾಲನ ಇರ್ತದ ಅಂತ ಊರಿಗೆಲ್ಲ ಗೊತ್ತದ.

ಆ ಪ್ರಶ್ನಿ ತಲಿಯಾಗ ಹೊಕ್ಕಿತ್ತು ಅಂತ ಕಾಣಸ್ತದ. ಹೋದ ವರ್ಷ ಪಾಠಕ್ಕಂತ ಒಂದು ಹೊಸಾ ಸಾಮಾನು ಮಾಡಿದೆ. ಬಾಜೂ ಮನಿಯಾಗ ಹೊಲಿಗಿ ಮಷಿನ್ ಇಟ್ಟುಕೊಂಡ ಆಪಾ ಇದ್ದಾರ, ಆಪಾ ಅಂದ್ರ ಅವರ ಮಾತಿನ್ಯಾಗ ಅಕ್ಕ. ಅವರ ಮನಿತನ ಬೀದರದಿಂದ ಬಂದು ಇಲ್ಲಿ ನೆಲಿ ನಿಂತು ಎಷ್ಟೋ ತಲಿಮಾರು ಆತು, ಮನಿಯಾಗ ದಖನಿ ಮಾತಾಡ್ತಾರ, ನಮ್ಮ ಕೂಡ ನಮ್ಮಂಗ ಕನ್ನಡ. ಅವರ ಕಡಿಂದ ಕರೀ ಉಲ್ಲನ್ ದಾರ ಇಸ್ಕೊಂಡು ಬಂದು ನಮ್ಮ ಪಡಸಾಲಿ ಗ್ವಾಡಿಗೆ ಮೊಳಿ ಹೊಡದು ಸಾಲಾಗಿ ಇಳಿಬಿಟ್ಟೆ. ಒಂದೊಂದು ದೇಶಕ್ಕ ಒಂದೊಂದು ದಾರ, ಹಳಿ ಎಷ್ಟು ಉದ್ದ ಅದನೋ ಅಷ್ಟಕ್ಕ ಅಳತೀ ಇಟ್ಟು ಕತ್ತರಿಸಿದ್ದು. ಅಮೇರಿಕಾದ ದಾರ ನೆಲಕ್ಕ ಬಿದ್ದು ಸುರಳಿ ಸುತ್ತಿಕೊಂಡಿತ್ತು. ಚೀನಾದ್ದು ಸುರಳಿ ಸಣ್ಣದು, ಆದ್ರ ಅವರು ವರ್ಷಾ ಹೊಸಾ ಹಳಿ ಹಾಕ್ತಾರ, ಅದಕ್ಕ ದಾರಕ್ಕ ಗಂಟ ಹಾಕಿಕೋತ ಹೋಗಬೇಕು. ಆಮ್ಯಾಲ ರಷ್ಯಾ, ಆಮ್ಯಾಲ ನಮ್ದು, ಆಮ್ಯಾಲ ಜರ್ಮನಿ, ಜಪಾನ್ ಅಂಥಾವು. ಕಡೀಕ ಒಂದು ಬರೀ ಮೊಳಿ.

"ಇದಕ್ಕ್ಯಾಕ ದಾರ ಇಲ್ಲ?" ಅಂದ್ಳು ನಮ್ಮ ಅತ್ತಿ.

ಅತ್ತಿ ಅಂದ್ರ ನಮ್ಮ ಮನಿಯವರ ತಾಯಿ. ಠಾಣಾ ಕುಶನೂರದ ಕಡೀ ಹೆಣ್ಣಮಗಳು. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ದಿನಾ ಮುಂಜಾನಿ ಲಿಂಗಪೂಜಿ ಮಾಡಿ, ಹಣಿತುಂಬ ವಿಭೂತಿ ಬಳಕೊಂಡು, ನಾ ಸಾಲಿಗೆ ಹೊಂಟಾಗ ಬಾಗಲಾಗ ನಿಂತು "ಟೀಚರವ್ವಾ, ಇವತ್ತ ಏನ ಕಲಿಸ್ತೀ?" ಅಂತ ಕೇಳಾಕಿ. ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ. ನಮ್ಮ ಮನಿಯಾಗ ಎರಡೂ ಕಾಲ ಕೂಡೇ ನಡದಿದ್ದವು, ಜಗಳ ಆಡಿಕೋತ, ನಕ್ಕೋತ. ಆದ್ರ ಒಂದು ಮಾತು. ನಾ ಹೇಳಿದ್ದು ಆಕಿಗೆ ಕಲ್ಲಾಗ ಕೆತ್ತಿದಂಗ. ಓಣಿಯಾಗ ಯಾರರೆ ಎದುರಾಡಿದ್ರ, "ನಮ್ಮ ಸೊಸಿ ಹೇಳ್ಯಾಳ. ಸಾಲಿ ಕಲಿಸೋ ಹೆಣ್ಣಮಗಳು ಸುಳ್ಳ ಹೇಳ್ತಾಳೇನು?" ಅಂತ ಬಾಯಿ ಮುಚ್ಚಿಸ್ತಿದ್ದಳು. ಕೇಳಿ ನನಗ ಹೆಮ್ಮಿನೂ ಆಗ್ತಿತ್ತು, ಒಳಗೊಳಗ ಒಂದು ಅಂಜಿಕಿನೂ ಆಗ್ತಿತ್ತು.

"ಅದು ಔರಾದರಿ ಅತ್ತಿ," ಅಂದೆ.

ಆಕಿ ಆ ಮೊಳಿ ಮುಟ್ಟಿ ನೋಡಿದ್ಳು. "ರೈಲಿಲ್ಲದ ದೇಶ ಯಾವದರೆ ಅದ ಏನು?"

"ಅದ ಅಲ್ರಿ. ಭೂತಾನದಾಗ ರೈಲಿಲ್ಲ."

"ಹಂಗಾರ ನಾವು ಭೂತಾನದಾಗ ಇದ್ದೇವೇನು?"

ನಾ ಹೊಟ್ಟಿ ಹುಣ್ಣಾಗೋ ಹಂಗ ನಕ್ಕೆ. ಆಮ್ಯಾಲ ತಿಳಿಸಿ ಹೇಳಾಕ ಕೂತೆ: ದಾರದ ಉದ್ದ ಒಂದೇ ನೋಡಿದ್ರ ಸಾಲದು, ಸಣ್ಣ ದೇಶದಾಗ ಸಣ್ಣ ದಾರನ ಮೂಲಿ ಮೂಲಿ ಮುಟ್ತದ, ದೊಡ್ಡ ದೇಶದಾಗ ಉದ್ದನ್ನ ದಾರಾನೂ ಎಷ್ಟೋ ಊರು ಬಿಟ್ಟು ಹೋಗ್ತದ, ಅಮೇರಿಕಾದಾಗ ಮಂದಿಗಿಂತ ಸಾಮಾನು ಹೊರೋದ ಜಾಸ್ತಿ ಅಂತ. ಅತ್ತಿ ಕೇಳಿಸಿಕೊಂಡು, "ತಿಳೀತು ಬಿಡು. ಸೀರಿ ಎಷ್ಟು ಮಾರು ಇದ್ರೇನು, ಮೈ ಮುಚ್ಚಬೇಕಲ್ಲ," ಅಂದ್ಳು. ನನ್ನ ಅರ್ಧಾ ತಾಸಿನ ಪಾಠ ಆಕಿ ಒಂದ ಮಾತಿನ್ಯಾಗ ಮುಗಿಸಿಬಿಟ್ಳು.

ಅವತ್ತಿನಿಂದ ಆಕಿಗೆ ರೈಲಿನ ಹುಚ್ಚು ಹಿಡೀತು. ಬಸ್ಸಿನ್ಯಾಗ ಬಾಜೂ ಕೂತವರಿಗೆಲ್ಲ ಅಮೇರಿಕಾ, ಚೀನಾ, ರಷ್ಯಾ, ಆಮ್ಯಾಲ ನಾವು ಅಂತ ಒಪ್ಪಸ್ತಿದ್ದಳು. ಇಷ್ಟು ದೊಡ್ಡ ರೈಲಿನ ದೇಶದಾಗ ಹುಟ್ಟಿ ಒಂದ ಸಲಾನೂ ಅದರಾಗ ಕೂಡಲಿಲ್ಲ, ಸಾಯೋದ್ರಾಗ ಒಮ್ಮೆ ಕಿಟಕಿ ಬಾಜೂ ಕೂತು ಹೋಗಬೇಕು ಅಂತ ಹಟ ಹಿಡದ್ಳು. ಸಾಯೋ ಮಾತ ಯಾಕ ಆಡ್ತೀರಿ ಅಂತ ನಾ ಬೈದೆ.

ಇಲ್ಲಿ ಆಕಿ ಬಸ್ಸು ಹಿಡಿಯೋ ರೀತಿ ಹೇಳಬೇಕು. ಸ್ಟ್ಯಾಂಡಿನ್ಯಾಗ ನಿಂತು ಬಸ್ಸು ಹತ್ತೋರು ದಡ್ಡರು ಅನ್ನೋದು ಆಕಿ ಲೆಕ್ಕ. ಬಸ್ಸು ಒಳಗ ಬಂದು ನಿಲ್ಲೋದ್ರಾಗ ಮಂದಿ ಮುಕರಿ, ಕಿಟಕಿಯಾಗಿಂದ ದಸ್ತಿ ಒಗದು ಸೀಟು ಹಿಡದು, ಬಾಗಲದಾಗ ಜೀವ ಹೋಗೋ ಹಂಗ ಒತ್ತಾಡ್ತಾರ. ಅತ್ತಿ ಹಂಗ ಮಾಡಾಕಿ ಅಲ್ಲ. ಬಸ್ಸು ಯಾವ ಕಡಿಂದ ಬರ್ತದ ಕೇಳಿಕೊಂಡು, ಸ್ಟ್ಯಾಂಡ್ ಬಿಟ್ಟು ಆ ಕಡಿ ನಡಕೋತ ಹೋಗಿ, ರೋಡು ತಿರುಗೋ ಕಡೆ ಬರೋಬ್ಬರಿ ನಡುವ ನಿಂತು ಬಲಗೈ ಎತ್ತಾಕಿ. "ಬದೀಗೆ ನಿಂತ್ರ ಡ್ರೈವರ್ ನೋಡಿ ನೋಡದಂಗ ಹೋಗ್ತಾನ. ನಡುವ ನಿಂದ್ರಬೇಕು. ಹಾರ್ನ್ ಹೊಡದಾ ಅಂದ್ರ ನನ್ನ ನೋಡ್ಯಾನ ಅಂತ ತಿಳಕೋ, ಇನ್ನ ಬ್ರೇಕ್ ಹಾಕ್ತಾನ." ಡ್ರೈವರ್ ಬೈಕೋತ ನಿಲ್ಲಸ್ತಿದ್ದ, ಅತ್ತಿ ನಕ್ಕೋತ ಹತ್ತಿ ಖಾಲಿ ಬಸ್ಸಿನ್ಯಾಗ ಬೇಕಾದ ಸೀಟು ಹಿಡೀತಿದ್ದಳು. ಆಕಿ ಕೈಗೆ ನಿಲ್ಲದ ಬಸ್ಸು ಈ ತಾಲ್ಲೂಕಿನ್ಯಾಗ ಓಡಿಲ್ಲ. ಠಾಣಾ ಕುಶನೂರದ ಕಡೆ ಈ ಲೆಕ್ಕ ಎಲ್ಲಾ ಹೆಣ್ಣಮಕ್ಕಳಿಗೂ ಗೊತ್ತದ.

ಇಷ್ಟೆಲ್ಲ ನನಗ ಗೊತ್ತಿತ್ತು. ವರ್ಷಾನುಗಟ್ಟಲೆ ಕಣ್ಣಾರೆ ನೋಡಿದ್ದೆ. ಗೊತ್ತಿದ್ದೂ ಆ ಮಾತು ಆಡಿದೆ.

ಒಂದಿನ ಸಂಜೀಮುಂದ ಪಡಸಾಲಿಯಾಗ ಪರೀಕ್ಷಾ ಪೇಪರ್ ತಿದ್ದಲಿಕತ್ತಿದ್ದೆ. ಒಂದು ಮಗು ಜಗತ್ತಿನ ದೊಡ್ಡ ರೈಲು ಯಾವ ದೇಶದ್ದು ಅಂದ್ರ ಭಾಲ್ಕಿ ಅಂತ ಬರದಿತ್ತು, ರೈಲು ಸ್ಟೇಷನ್ ಇದ್ದ ನಮ್ಮ ಬಾಜೂ ತಾಲ್ಲೂಕಿನ ಊರು. ನನ್ನ ತಲಿ ಕೆಟ್ಟಿತ್ತು. ಅತ್ತಿ ಅವರಿಕಾಯಿ ಬಿಡಿಸಿಕೋತ ಕೂತಾಕಿ, "ರೈಲು ಕೈ ಮಾಡಿದ್ರ ನಿಲ್ತದೇನು?" ಅಂದ್ಳು. ನಾ ಪೇಪರಿನಿಂದ ತಲಿ ಎತ್ತಲಿಲ್ಲ. ಮತ್ತ ಕೇಳಿದ್ಳು. ನಾ ಇನ್ನೊಂದು ಉತ್ತರಕ್ಕ ಕೆಂಪು ಗೀಟು ಹೊಡದೆ. ಮೂರನೇ ಸಲ ಕೇಳಿದಾಗ ಪೆನ್ನು ಒಗದೆ.

"ನಿಲ್ತದ್ರಿ ಅತ್ತಿ, ನಿಲ್ತದ! ನಿಮಗ ನಿಲ್ಲದ ಮತ್ತ ಯಾರಿಗೆ ನಿಲ್ತದ? ನಾಕನೇ ನಂಬರಿನ ರೈಲು, ನಿಮ್ಮ ಕೈ ನೋಡಿದ್ರ ಗಪ್ಪನ ನಿಲ್ತದ. ಆತಿಲ್ಲೋ?"

ಚ್ಯಾಷ್ಟಿ ಮಾಡಿದ್ದು ಅದು. ದನಿ ಕೇಳಿದ್ರ ಸಣ್ಣ ಕೂಸಿಗೂ ತಿಳೀಬೇಕು. ಅತ್ತಿ ಮಾರಿ ನೋಡಿದೆ. ಆಕಿ ನಗಲಿಲ್ಲ. "ಹಂಗೇನು," ಅಂದು ಗೋಣು ಹಾಕಿ, ಅವರಿಕಾಯಿ ಬಿಡಿಸೋದು ಮುಂದುವರಿಸಿದ್ಳು. ಅಲ್ರಿ, ಸುಮ್ಮನ ಅಂದೆ ಅಂತ ಒಂದ ಮಾತು ಹೇಳಬೇಕಿತ್ತು. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು ಅಂತ ಕರೀ ಹಲಗಿ ಮ್ಯಾಲ ಬರದು ಮಕ್ಕಳ ಕಡಿಂದ ಓದಸ್ತೇನಿ ನಾನು. ಅವತ್ತ ಇನ್ನೊಂದು ಪೇಪರ್ ಎತ್ತಿಕೊಂಡೆ.

ತೊಗರಿ ರಾಶಿ ದಿನದಾಗ ಬೀದರದಿಂದ ಫೋನ್ ಬಂತು. ಅತ್ತೀ ತಂಗಿ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕೋ ಕಾರ್ಯ. ಔರಾದದಿಂದ ಬೀದರಕ್ಕ ಸೀದಾ ಬಸ್ಸದ. ಅತ್ತಿ ಕೇಳಲಿಲ್ಲ. ಬಸ್ಸಿಗೆ ಭಾಲ್ಕಿತನಕ ಹೋಗೋದು, ಅಲ್ಲಿಂದ ರೈಲಿನ್ಯಾಗ ಬೀದರ ಅಂದ್ಳು. ನಮ್ಮ ಮನಿಯವರು ಕಮಲನಗರದಾಗ ಸರಕಾರಿ ಆಫೀಸಿನ್ಯಾಗ ಕೆಲಸ ಮಾಡ್ತಾರ, ಅವರಿಗೆ ರಜಾ ಇರಲಿಲ್ಲ. "ಮುಂದಿದ್ದ ಮೂಗು ಹಿಡಿಯಾಕ ತಲಿ ಸುತ್ತ ಕೈ ತರೋದು ಯಾಕವ್ವಾ?" ಅಂತ ತಾಯಿಗೆ ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಆಕಿ ಕೈ ಬಿಡಬ್ಯಾಡ," ಅಂದ್ರು. ಸಣ್ಣ ಕೂಸೇನ್ರಿ ಅಂತ ನಾ ನಕ್ಕೆ.

ಹೊಂಟ ದಿನ ಮುಂಜಾನಿ ಮಂಜು ಬಿದ್ದಿತ್ತು. ಅತ್ತಿ ಕೆಂಪು ಇಳಕಲ್ ಸೀರಿ ಉಟ್ಟು, ರೊಟ್ಟಿ ಗಂಟು ಬಗಲಾಗ ಹಿಡಕೊಂಡು ಹೊಸ್ತಿಲ ದಾಟಿದ್ಳು. ಅಷ್ಟರಾಗ ಬಾಜೂ ಕಿಟಕಿಯಾಗಿಂದ ಆಪಾ ತಲಿ ಹಾಕಿ, "ಎಲ್ಲಿಗೆ ಹೊಂಟ್ರಿ ಅವ್ವಾ?" ಅಂದುಬಿಟ್ರು. ಅಂದ ಕೂಡಲೇ ತಾವೇ ನಾಲಿಗಿ ಕಚ್ಚಿಕೊಂಡ್ರು. "ತೋಬಾ, ಕೇಳಬಾರದಿತ್ತು. ಒಳಗ ಹೋಗಿ ಕೂತು, ನೀರು ಕುಡದು ಹೊಂಡ್ರಿ."

ಅತ್ತಿ ತಿರುಗಿದ್ಳು. ನಾ ಕೈ ಹಿಡದು ಜಗ್ಗಿದೆ. "ಬಸ್ಸು ಹೋಗ್ತದ್ರಿ. ನೀರು ಕುಡದ್ರ ಬಸ್ಸು ನಿಲ್ತದೇನು?"

"ನಾ ಕೈ ಮಾಡಿದ್ರ ನಿಲ್ತದ," ಅಂದ್ಳು ಆಕಿ. ಆದ್ರೂ ನನ್ನ ಹಿಂದ ಬಂದ್ಳು. ನೀರು ಕುಡೀಲಿಲ್ಲ. ಓಣಿ ತಿರುಗೋತನಕ ಆಪಾ ಕಿಟಕಿಯಾಗ ನಿಂತೇ ಇದ್ರು.

ದಾರಿ ಉದ್ದಕ್ಕೂ ಆಕಿ ಬಾಜೂ ಕೂತವರಿಗೆ ರೈಲಿನ ಸಾಲು ಒಪ್ಪಿಸಲಿಲ್ಲ. ಅಮೇರಿಕಾ ಇಲ್ಲ, ಚೀನಾ ಇಲ್ಲ. ಮಂಜಿನಾಗ ಡ್ರೈವರ್ ಲೈಟ್ ಹಾಕಿಕೊಂಡು ಸಾವಕಾಶ ಹೊಡೀತಿದ್ದ. ರೋಡಿನ ಮ್ಯಾಲ ತೊಗರಿ ಹರವಿದ್ರು, ಬಸ್ಸಿನ ಗಾಲಿ ಕೆಳಗ ಅದು ಪಟಪಟ ಒಡೀತಿತ್ತು. ಠಾಣಾ ಕುಶನೂರ ಬಂದಾಗ ತನ್ನ ತವರಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಮೈಯಾಗ ಆರಾಮ ಇಲ್ಲೇನ್ರಿ ಅಂತ ಕೇಳಿದೆ. "ಎದಿ ಹೊಡ್ಕೋತದ," ಅಂದ್ಳು. ಖುಷಿಗೆ ಅಂತ ನಾ ತಿಳಕೊಂಡೆ.

ಭಾಲ್ಕಿ ಸ್ಟೇಷನ್ನಿಗೆ ಬರೋದ್ರಾಗ ಮಂಜು ಹರದಿತ್ತು. ಹಳಿ ಮ್ಯಾಲ ಈಚೀಚೆಗೆ ಕರೆಂಟಿನ ತಂತಿ ಎಳದಾರ. ಮೊದಲಿನ ಎಂಜಿನ್ ಹರದಾರಿ ದೂರದಿಂದ ಗುಡುಗಿಕೋತ ಬರ್ತಿತ್ತು, ಈಗಿನದು ಬಾಜೂ ಬರೋತನಕ ಗೊತ್ತಾಗಂಗಿಲ್ಲ. ಪ್ಲಾಟ್‌ಫಾರ್ಮ್ ತುಂಬ ಮಂದಿ ಇದ್ರು. ಯಾವದೋ ಲಗ್ನದ ದಿಬ್ಬಣ, ಟ್ರಂಕು, ಗಂಟು, ಕೂಸು ಕುನ್ನಿ. ಅತ್ತಿ ಅವರನ್ನೆಲ್ಲ ಕಣ್ಣಾಗ ಅಳದು ನೋಡಿದ್ಳು.

"ಇಷ್ಟು ಮಂದಿಯಾಗ ನನಗ ಕಿಟಕಿ ಸೀಟು ಸಿಗ್ತದೇನು?"

"ನೋಡೋಣ್ರಿ," ಅಂದೆ.

"ಯಾವ ಕಡಿಂದ ಬರ್ತದ?"

"ಕಮಲನಗರದ ಕಡಿಂದ. ಇಲ್ಲೇ ಕೂಡ್ರಿ, ಏಳಬ್ಯಾಡ್ರಿ. ಟಿಕೇಟ್ ತರ್ತೇನಿ."

ಯಾವ ಕಡಿಂದ ಬರ್ತದ ಅಂತ ಆಕಿ ಯಾಕ ಕೇಳ್ತಾಳ ಅನ್ನೋದು ನನಗಲ್ಲದ ಮತ್ತ ಯಾರಿಗೆ ಗೊತ್ತಿತ್ತು? ಔರಾದ ಸ್ಟ್ಯಾಂಡಿನ್ಯಾಗ ಸಾವಿರ ಸಲ ಕೇಳಿದ್ದೆ ಆ ಪ್ರಶ್ನಿ. ಅವತ್ತ ಬಾಯಿ ಮಾತಿಗೆ ಬಾಯಿ ಉತ್ತರ ಕೊಟ್ಟು ಹೋಗಿ ಟಿಕೇಟಿನ ಸಾಲಿನ್ಯಾಗ ನಿಂತೆ.

ಸಾಲು ಮುಂದ ಸರೀಲಿಕತ್ತಿರಲಿಲ್ಲ. ಮುಂದಿನವ ಮರಾಠಿಯಾಗ ಚಿಲ್ಲರೆ ಸಲುವಾಗಿ ಜಗಳ ತಗದಿದ್ದ. ಮ್ಯಾಲ ಸ್ಪೀಕರಿನ್ಯಾಗ ಏನೋ ಹೇಳಿದ್ರು, ಗಾಡಿಯೊಂದು ನಿಲ್ಲದ ಹೋಗ್ತದ, ಹಳಿಯಿಂದ ದೂರ ನಿಲ್ಲರಿ ಅಂತ. ಕೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಟಿಕೇಟ್ ಇಸ್ಕೊಂಡು ತಿರುಗಿ ಬಂದೆ.

ಬೆಂಚಿನ ಮ್ಯಾಲ ಅತ್ತಿ ಇರಲಿಲ್ಲ. ಆಕಿ ದಸ್ತಿ ಹಾಸಿತ್ತು, ಅದರ ಮ್ಯಾಲ ರೊಟ್ಟಿ ಗಂಟು. ದಸ್ತಿ ಹಾಸ್ಯಾಳ ಅಂದ್ರ ತಿರುಗಿ ಬರ್ತಾಳ, ನಳದ ಕಡೆ ಹೋಗಿರಬೇಕು ಅಂತ ಒಂದು ಘಳಿಗಿ ನಿರಾಳ ಆದೆ. ನಳದ ಕಡೆ ಯಾರೂ ಇಲ್ಲ. ಟ್ರಂಕಿನ ಮ್ಯಾಲ ಕೂತ ಒಬ್ಬ ಮನಷ್ಯಾಗ ಕೇಳಿದೆ, ಕೆಂಪು ಸೀರಿ ಅಜ್ಜಿ ನೋಡಿದ್ರೇನ್ರಿ ಅಂತ.

"ಹೌದ್ರಿ, ಗಾಡಿ ಯಾವ ಕಡಿಂದ ಬರ್ತದ ಅಂತ ನನಗೂ ಕೇಳಿತು. ಆ ಕಡಿ ಹೋತು ನೋಡ್ರಿ," ಅಂತ ಪ್ಲಾಟ್‌ಫಾರ್ಮಿನ ತುದಿ ತೋರಿಸಿದ.

ನನಗ ಆಗ ಎಲ್ಲಾ ಒಮ್ಮೆಲೆ ತಿಳೀತು. ತುದಿತನಕ ಓಡಿದೆ. ಅಲ್ಲಿ ಪ್ಲಾಟ್‌ಫಾರ್ಮ್ ಇಳಕಲಾಗಿ ನೆಲಕ್ಕ ಸೇರ್ತದ. ಅಲ್ಲಿಂದ ಮುಂದ, ಹಳಿ ಜರಾ ಬಾಗೋ ಕಡೆ, ಕೆಂಪು ಸೀರಿ ಕಾಣಿಸ್ತು. ನಡುವ ನಿಂತಿದ್ಳು. ಬಲಗೈ ಎತ್ತಿದ್ಳು. ಔರಾದದಾಗ ರೋಡಿನ ತಿರುವಿನ್ಯಾಗ ಹ್ಯಾಂಗ ನಿಲ್ತಿದ್ದಳೋ, ಅಗದೀ ಹಂಗ.

ಆಕಿ ಆಚೆ ಗಾಡಿ ಬರಲಿಕತ್ತಿತ್ತು.

"ಅತ್ತೀ!" ಅಂತ ಚೀರಿದೆ. ಗಾಡಿ ಹಾರ್ನ್ ಹೊಡೀತು. ಬಿಡದ ಹೊಡೀತು. ನನ್ನ ದನಿ ಅದರಾಗ ಮುಳುಗಿಹೋತು. ಬ್ಯಾರೆ ಯಾರರೆ ಆಗಿದ್ರ ಆ ಹಾರ್ನಿಗೆ ಹೆದರಿ ಹಾರಿ ಬೀಳ್ತಿದ್ರು. ಅತ್ತಿ ಏನ ಮಾಡಿದ್ಳು ಗೊತ್ತೇನ್ರಿ? ಎತ್ತಿದ ಕೈ ಹಂಗೇ ಇಟ್ಟು, ಇನ್ನೊಂದು ಕೈಲೆ ಸೀರೀ ನಿರಿಗಿ ಎತ್ತಿ ಹಿಡಕೊಂಡ್ಳು, ಹತ್ತಲಿಕ್ಕೆ. ಡ್ರೈವರ್ ನೋಡ್ಯಾನ, ಇನ್ನ ಬ್ರೇಕ್ ಹಾಕ್ತಾನ ಅಂತ.

ನಾ ಜಲ್ಲಿ ಕಲ್ಲಿನ ಮ್ಯಾಲ ಓಡಲಿಕತ್ತಿದ್ದೆ. ಚಪ್ಪಲ್ ಹರೀತು, ಬಿದ್ದೆ, ಎದ್ದೆ. ಆಚೆ ಬದಿಯಿಂದ ಕಿತ್ತಳಿ ಬಣ್ಣದ ಅಂಗಿ ಹಾಕಿಕೊಂಡ ಒಬ್ಬ ಮನಷ್ಯಾ, ಹಳಿ ರಿಪೇರಿ ಕೆಲಸದವ, ಹಾರಿಕೋತ ಬರೋದು ಕಂಡಿತು. ಅಷ್ಟೇ. ಆಮ್ಯಾಲ ಗಾಡಿ ನಡುವ ಬಂತು.

ಅದು ಮಾಲಗಾಡಿ. ಡಬ್ಬಿ ಹಿಂದ ಡಬ್ಬಿ, ಡಬ್ಬಿ ಹಿಂದ ಡಬ್ಬಿ. ಗಾಳಿಗೆ ಹಿಂದಕ್ಕ ನೂಕಿದಂಗಾಗಿ ಕೂತುಬಿಟ್ಟೆ. ಆಚೆ ಏನಾತು ಕಾಣವಲ್ದು. ಗಾಲಿ ಸಂದಿಯಾಗ ಕೆಂಪು ಕಾಣಸ್ತದೇನು ಅಂತ ನೋಡಿದೆ. ನೋಡಬಾರದು ಅಂತ ಕಣ್ಣು ಮುಚ್ಚಿದೆ. ಜಗತ್ತಿನ ಎಲ್ಲಾ ದೇಶದ ಹಳಿ ಅಳದು ದಾರ ಕತ್ತರಿಸಿದಾಕಿ ನಾನು. ಒಂದು ಗಾಡಿ ನಿಲ್ಲಬೇಕಂದ್ರ ಎಷ್ಟು ದೂರ ಬೇಕು ಅನ್ನೋದು ಮಕ್ಕಳಿಗೂ ಹೇಳಲಿಲ್ಲ, ಮನಿಯಾಗ ಇದ್ದಾಕಿಗೂ ಹೇಳಲಿಲ್ಲ. ಬ್ರೇಕ್ ಹಾಕಿದ್ದ ಅಂತ ಕಾಣಸ್ತದ, ಕಬ್ಬಿಣ ಕಿರಗುಟ್ಟಲಿಕತ್ತಿತ್ತು. ಆದ್ರೂ ಗಾಡಿ ಹೋಗಲಿಕತ್ತಿತ್ತು, ಹೋಗಲಿಕತ್ತಿತ್ತು. ಬಸವಣ್ಣಾ, ಇದೊಂದು ಸಲ ಕಾಪಾಡು ಅಂತ ಅಳಕೋತ ಅಂದೆ. ನಾ ಕೊಂದೆ, ನಾನ ಕೊಂದೆ ಅಂತ ಅದರ ಹಿಂದನ ಬಾಯಿಗೆ ಬರ್ತಿತ್ತು.

ಕಡೀ ಡಬ್ಬಿ ದಾಟಿತು. ಆಚೆ ಜಲ್ಲಿ ಮ್ಯಾಲ ಇಬ್ಬರೂ ಬಿದ್ದಿದ್ರು. ಮೊದಲ ಅಂವ ಎದ್ದ. ಆಮ್ಯಾಲ ಅತ್ತಿ ಎದ್ದು ಕೂತ್ಳು. ಬಲಗೈ ಹೆಗಲಿನಿಂದ ಸೊಟ್ಟ ತಿರುಗಿತ್ತು. ಹಣಿ ವಿಭೂತಿ ಮ್ಯಾಲ ರಕ್ತ ಇಳೀತಿತ್ತು. ಆಕಿ ಗಾಡಿ ಹೋದ ಕಡೆ ನೋಡ್ಕೋತ ಇದ್ಳು, ತನಗ ಯಾರೋ ಮೋಸ ಮಾಡಿ ಹೋದಂಗ.

ಆ ಮನಷ್ಯಾ ಅಂಗಿ ಝಾಡಿಸಿಕೊಂಡು ನನ್ನ ಕಡೆ ತಿರುಗಿದ. "ಹಳಿ ಮ್ಯಾಲ ನಿಂತು ಕೈ ಮಾಡ್ತಾರೇನ್ರಿ? ತಲಿ ಸರಿ ಅದ ಇಲ್ಲೋ? ಯಾರ ಕಡೆಯವ್ರು ಈ ಅಜ್ಜಿ?" ಅಂತ ಒದರಿದ. ನಾ ನಮ್ಮ ಅತ್ತಿರಿ ಅಂದೆ. ಅಂವನ ಕಾಲಿಗೆ ಬೀಳಾಕ ಹೋದೆ, ಅಂವ ಹಿಂದ ಸರದ. ಕುಡಿಯಾಕ ನೀರು ಅಂವನೇ ಕೊಟ್ಟ.

ಭಾಲ್ಕಿ ದವಾಖಾನಿಯಾಗ ಡಾಕ್ಟರ್ ಕೈಗೆ ಪಟ್ಟಿ ಹಾಕಿಕೋತ, ಹಳಿ ಮ್ಯಾಲ ಯಾಕ ಹೋಗಿದ್ರಿ ಅಂತ ಕೇಳಿದ್ರು. ನಾ ಬಾಯಿ ತಗಿಯೋದ್ರಾಗ ಅತ್ತಿ ಹೇಳಿದ್ಳು, "ದಾರಿ ತಪ್ಪಿತ್ರಿ. ಕಣ್ಣು ಬರೋಬ್ಬರಿ ಕಾಣಂಗಿಲ್ಲ." ನಮ್ಮ ಮನಿಯವರು ಕಮಲನಗರದಿಂದ ಓಡಿ ಬಂದ್ರು. ಅವರಿಗೂ ಅದೇ ಹೇಳಿದ್ಳು. ಸೂಜಿಗೆ ಇವತ್ತಿಗೂ ತಾನೇ ದಾರ ಪೋಣಿಸೋ ಹೆಣ್ಣಮಗಳು. ಜನ್ಮದಾಗ ಆಕಿ ಸುಳ್ಳ ಹೇಳಿದ್ದು ನಾ ಕೇಳಿರಲಿಲ್ಲ. ಮನಿಯವರು ನನ್ನ ಕಡೆ ನೋಡಿದ್ರು, ಕೈ ಬಿಡಬ್ಯಾಡ ಅಂದಿದ್ದೆ ಅಲ್ಲ ಅನ್ನೋ ಹಂಗ. ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಮನಿಗೆ ಬಂದ ಮೂರನೇ ದಿನ. ಆಕಿಗೆ ಎಡಗೈಲೆ ಉಣ್ಣಾಕ ಆಗವಲ್ದು, ನಾನ ರೊಟ್ಟಿ ಮುರದು ಪಲ್ಯ ಹಚ್ಚಿ ಬಾಯಿಗೆ ಇಡ್ತಿದ್ದೆ. ಎರಡು ತುತ್ತು ತಿಂದು ನನ್ನ ಕೈ ಹಿಡದು ನಿಲ್ಲಿಸಿದ್ಳು. ಮೆಲ್ಲಕ, ಬ್ಯಾರೆ ಯಾರಿಗೂ ಕೇಳಬಾರದು ಅನ್ನೋ ಹಂಗ ಅಂದ್ಳು:

"ಟೀಚರವ್ವಾ, ಅದು ಮಾಲಗಾಡಿ ಇತ್ತಲ್ಲ. ಮಂದಿ ಹತ್ತಿಸಿಕೊಳ್ಳೋ ಗಾಡಿ ಅಲ್ಲ. ಅದಕ್ಕ ನಿಲ್ಲಲಿಲ್ಲ. ನಮ್ಮ ಗಾಡಿ ಆಗಿದ್ರ ನಿಲ್ತಿತ್ತು, ಹೌದಲ್ಲ?"

ಮೂರು ದಿನ ಆಕಿ ಇದನ್ನ ವಿಚಾರ ಮಾಡ್ಯಾಳ. ನನ್ನ ಮಾತು ಉಳಸಲಿಕ್ಕೆ ದಾರಿ ಹುಡುಕ್ಯಾಳ. ಹೌದು ಅಂದ್ರ ಸಾಕಿತ್ತು, ಆಕಿ ಮನಸ್ಸಿನ್ಯಾಗ ನಾ ಮೊದಲಿದ್ದಂಗ ಇರ್ತಿದ್ದೆ. ಮತ್ತ ಕೈ ನೆಟ್ಟಗಾದ ಮ್ಯಾಲ ಒಂದಿನ ಆಕಿ ಮತ್ತ ಹೋಗಿ ಹಳಿ ಮ್ಯಾಲ ನಿಲ್ತಿದ್ದಳು.

"ಇಲ್ರಿ ಅತ್ತಿ," ಅಂದೆ. "ಯಾವ ಗಾಡಿನೂ ನಿಲ್ಲಂಗಿಲ್ಲ. ಕೈ ಮಾಡಿದ್ರ ರೈಲು ನಿಲ್ಲಂಗಿಲ್ಲ. ನಾ ಅವತ್ತ ಸಿಟ್ಟಿನಾಗ ಚ್ಯಾಷ್ಟಿ ಮಾಡಿದೆ. ಸುಳ್ಳ ಹೇಳಿದೆ. ತಪ್ಪಾತ್ರಿ."

ಬೈತಾಳ ಅಂತ ಕಾದೆ. ಒಂದು ಕೆನ್ನಿಗೆ ಹೊಡದಿದ್ರೂ ಹೊಡಸಿಕೊಳ್ತಿದ್ದೆ. ಆಕಿ ನನ್ನ ಕೈಯಾಗಿನ ರೊಟ್ಟಿ ತುಂಡು ತನ್ನ ಎಡಗೈಲೆ ತಗೊಂಡ್ಳು. ಅರ್ಧಾ ನೆಲಕ್ಕ ಬಿತ್ತು, ಅರ್ಧಾ ತಿಂದ್ಳು. ನಾ ಆರಿಸಾಕ ಹೋದ್ರ, "ಇರಲಿ ಬಿಡು, ನಾ ತಿಂತೇನಿ," ಅಂದ್ಳು.

ಪಟ್ಟಿ ಬಿಚ್ಚಿ ಈಗ ತಿಂಗಳುಗಟ್ಟಲೆ ಆತು. ಬಲಗೈ ಹೆಗಲಿನ ಮ್ಯಾಲ ಏಳಂಗಿಲ್ಲ. ಬಸ್ಸಿಗೆ ಹೋದ್ರ ಸ್ಟ್ಯಾಂಡಿನ್ಯಾಗ ಎಲ್ಲರ ಹಿಂದ ನಿಲ್ತಾಳ, ಸೀಟು ಸಿಗದಿದ್ರ ನಿಂತೇ ಹೋಗ್ತಾಳ. ಜಗಳ ಇಲ್ಲ, ಕೆಟ್ಟ ಮಾತಿಲ್ಲ. ಆದ್ರ ಅನ್ನ ಆಗ್ಯದರಿ ಅಂದ್ರ ಮುಚ್ಚಳ ತಗದು ತಾನೇ ನೋಡ್ತಾಳ. ಬಸ್ಸು ಹೋಗ್ಯದರಿ ಅಂದ್ರ ಓಣಿಯಾಗ ಇನ್ನೊಬ್ಬರಿಗೆ ಕೇಳಿ ಬರ್ತಾಳ. ಗುಳಗಿ ಊಟಾದ ಮ್ಯಾಲ ತಗೊಳ್ಳರಿ ಅಂದ್ರ ಚೀಟಿ ಹಿಡಕೊಂಡು ಅಂಗಡಿತನಕ ನಡೀತಾಳ. ನಾ ಸಾಲಿಗೆ ಹೊಂಟಾಗ ಬಾಗಲಾಗ ನಿಲ್ತಾಳ, ಏನ ಕಲಿಸ್ತೀ ಅಂತ ಕೇಳಂಗಿಲ್ಲ.

ಮೊನ್ನೆ ಪಡಸಾಲಿಯಾಗ ಕೂತು ಆ ದಾರ ಬಿಚ್ಚಿ ಗಂಟು ಕಟ್ಟಲಿಕತ್ತಿದ್ದೆ, ಆಪಾಗೆ ತಿರುಗಿ ಕೊಡಾಕ. ಆಪಾ ಅತ್ತೀ ಕುಪ್ಪಸದ ಅಳತಿ ತಗೊಳ್ಳಾಕ ಬಂದಿದ್ರು. ಅತ್ತಿ ಏಳಲಾರದ ಕೈ ಅವರ ಕಡೆ ಚಾಚಿಕೊಂಡು ಕೂತಾಕಿ, ಗ್ವಾಡಿ ಮ್ಯಾಲಿನ ಮೊಳಿ ನೋಡ್ಕೋತ ಕೇಳಿದ್ಳು.

"ಆಪಾ, ರೈಲಿನ್ಯಾಗ ಅಮೇರಿಕಾ ಮೊದಲನೇದು, ನಮ್ಮ ದೇಶ ನಾಕನೇದು ಅಂತಾರ. ಖರೇ ಏನು?"

ಆಪಾ ಟೇಪು ಹಿಡದವರು ನಕ್ಕುಬಿಟ್ರು. "ನನಗೇನ ಗೊತ್ತವ್ವಾ? ನಿಮ್ಮ ಸೊಸಿ ಟೀಚರ್ ಇದ್ದಾರ, ಇಲ್ಲೇ ಕೂತಾರ. ಅವರಿಗೇ ಕೇಳ್ರಿ."

ಅತ್ತಿ ನನ್ನ ಕಡೆ ತಿರುಗಲಿಲ್ಲ.

"ಇರಲಿ ಬಿಡ್ರಿ," ಅಂದ್ಳು. "ಬ್ಯಾರೆ ಯಾರಿಗರೆ ಕೇಳ್ತೇನಿ."